ಕವಾಗೋಯೆಯ ಕರಿಗೋಡೆಗಳು

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಜಪಾನಿನ ಕವಾಗೋಯೆಯನ್ನು ‘ಹಳೆಯ ವರ್ತಕರ ಊರು’ ಎಂದು ಹೊಗಳಿದ್ದೀರಿ. ಅಲ್ಲಿನ ಕರಿಗೋಡೆಯ ಮಳಿಗೆಗಳು ಬಹುಪಾಲು 1893ರ ನಂತರದವು, ಗಂಟೆಗೋಪುರ 1894ರದ್ದು. ಇದೂ ಒಂದು ಹಳೆಯ ಊರೇ? – ಒಬ್ಬ ಓದುಗರು, ಮೈಸೂರು

ಸಂಪಾದಕರ ಉತ್ತರ: ಇಸವಿಗಳನ್ನು ಸರಿಯಾಗಿಯೇ ಹಿಡಿದಿದ್ದೀರಿ, ಇಷ್ಟು ಗಮನವಿಟ್ಟು ಓದುವವರು ಸಿಕ್ಕಿದ್ದು ನಮಗೆ ಸಂತೋಷ. ಆದರೆ ಗೋಡೆಯ ಇಸವಿ ನೋಡಿ ಊರಿನ ವಯಸ್ಸು ಹೇಳುವುದನ್ನು ಮಾತ್ರ ನಾನು ಒಪ್ಪಲಾರೆ.

1893ರ ಮಾರ್ಚಿನ ಬೆಂಕಿಯಲ್ಲಿ ಊರಿನ ಮೂರನೇ ಒಂದು ಪಾಲಿಗೂ ಹೆಚ್ಚು ಮನೆಗಳು ಸುಟ್ಟವು. ಬೂದಿಯ ನಡುವೆ ಉಳಿದ ಕೆಲವೇ ಮಣ್ಣಿನ ಕಟ್ಟಡಗಳಲ್ಲಿ 1792ರ ಓಸಾವಾ ಮನೆಯೂ ಒಂದು. ಇಟ್ಟಿಗೆ ಕಟ್ಟಡ ಆಗಲೇ ಜಪಾನಿಗೆ ಬಂದಿತ್ತು. ಆದರೂ ವರ್ತಕರು ತಮ್ಮ ಕಣ್ಣೆದುರು ಉಳಿದದ್ದನ್ನೇ ನಂಬಿದರು. ‘ಕುರಾ’ ಎಂಬ ಮಣ್ಣಿನ ಉಗ್ರಾಣದ ಮಾದರಿಯಲ್ಲೇ ಅಂಗಡಿಗಳನ್ನು ಎಬ್ಬಿಸಿದರು.

ಆ ಗೋಡೆಯನ್ನು ಹತ್ತಿರದಿಂದ ನೋಡಿ. ಮರದ ಚೌಕಟ್ಟಿಗೆ ಬಿದಿರಿನ ಸೀಳುಗಳನ್ನು ಹಗ್ಗದಿಂದ ಬಿಗಿದು ತಟ್ಟಿ ಮಾಡುತ್ತಾರೆ. ಹುಲ್ಲು ಬೆರೆಸಿ ಕೊಳೆಸಿದ ಮಣ್ಣನ್ನು ಅದರ ಮೇಲೆ ಪದರ ಪದರವಾಗಿ, ಹೆಚ್ಚುಕಡಿಮೆ ಒಂದಡಿ ದಪ್ಪಕ್ಕೆ ಮೆತ್ತುತ್ತಾರೆ. ಕೆಳಗಿನ ಪದರ ಒಣಗುವ ಮುಂಚೆ ಆತುರಪಟ್ಟು ಮೇಲೆ ಮೆತ್ತಿದರೆ, ಅದು ಆಮೇಲೆ ಕುಗ್ಗಿ ಮೇಲಿನದನ್ನೂ ಸೀಳಿಬಿಡುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಕಾಯಲೇಬೇಕು. ಕೊನೆಗೆ ಸುಣ್ಣದ ಗಾರೆಗೆ ಮಸಿ ಬೆರೆಸಿ, ಹೊಳಪು ಬರುವ ತನಕ ಉಜ್ಜುವುದು. ಕಿಟಕಿಯ ಕದಗಳೂ ದಪ್ಪ ಮಣ್ಣಿನವೇ. ಅಂಚು ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಎರಡು ಕದಗಳು ಒಂದರೊಳಗೊಂದು ಕೂರುತ್ತವೆ. ಉರಿಗೆ ನೇರ ದಾರಿಯೇ ಸಿಗದು. ಬೆಂಕಿ ಬಿತ್ತೆಂದರೆ ಕದ ಮುಚ್ಚಿ, ಅದಕ್ಕೆಂದೇ ಇಟ್ಟಿರುತ್ತಿದ್ದ ಮಣ್ಣನ್ನು ಕಲಸಿ ಸಂದಿಗೆ ಮೆತ್ತುತ್ತಿದ್ದರು. ಬೆಂಕಿ ಆರಿತೆಂದು ಕೂಡಲೇ ತೆರೆಯುವ ಹಾಗೂ ಇಲ್ಲ. ಒಳಗೆ ಕಾದ ಸರಕಿಗೆ ಗಾಳಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಇದಕ್ಕೆ ಭೂಕಂಪವೇ ಶತ್ರು. 1923ರಲ್ಲಿ ಟೋಕಿಯೋದ ಎಷ್ಟೋ ಕುರಾಗಳ ಗೋಡೆ ಬಿರಿದು, ಹೆಂಚು ಜಾರಿ, ಆ ಬಿರುಕಿನಿಂದಲೇ ಬೆಂಕಿ ಒಳನುಗ್ಗಿತು. ಶಿಂಗಾಶಿ ನದಿಯ ದೋಣಿಗಳಲ್ಲಿ ಸರಕು ಕಳಿಸಿ ಎಡೋ ನಗರದ ಜೊತೆ ವ್ಯಾಪಾರ ಮಾಡುತ್ತಿದ್ದವರ ಊರು ಕವಾಗೋಯೆ. ಆ ಎಡೋ, ಅಂದರೆ ಇಂದಿನ ಟೋಕಿಯೋ, ತನ್ನ ಕರಿಗೋಡೆಯ ಬೀದಿಗಳನ್ನು ಕಳೆದುಕೊಂಡ ಮೇಲೂ ಅವುಗಳ ರೂಪ ಇಲ್ಲಿ ಉಳಿಯಿತು. ಇದು ಹಳೆಯದಲ್ಲದೆ ಮತ್ತೇನು ಸ್ವಾಮಿ?

ಗಂಟೆಗೋಪುರವೂ ಹಾಗೆಯೇ. ಅದನ್ನು ಮೊದಲು ಕಟ್ಟಿಸಿದ್ದು 17ನೇ ಶತಮಾನದ ದೊರೆ ಸಕಾಯ್ ತದಾಕಾತ್ಸು. ಸುಟ್ಟಾಗಲೆಲ್ಲ ಊರು ಮತ್ತೆ ಎತ್ತಿ ನಿಲ್ಲಿಸಿತು. ಸುಮಾರು 16 ಮೀಟರ್ ಎತ್ತರದ ಈಗಿನ ಗೋಪುರದಿಂದ ಬೆಳಗಿನ 6, ನಡುಹಗಲು 12, ಮಧ್ಯಾಹ್ನ 3, ಸಂಜೆ 6ಕ್ಕೆ ಗಂಟೆ ಕೇಳುತ್ತದೆ.

ನನ್ನ ನಿಜವಾದ ಕೊರಗು ನಿಮ್ಮ ಮೇಲಲ್ಲ, ನಮ್ಮ ಪ್ರವಾಸ ಬರಹಗಳ ಮೇಲೆ. ಕಟ್ಟಿಸಿದ ದೊರೆಗೆ ಒಂದು ಪುಟ, ಗೋಪುರದ ಮುಂದಿನ ಫೋಟೋಕ್ಕೆ ಇನ್ನೊಂದು. ಮೊದಲ ಪದರ ಒಣಗಲೆಂದು ಸುಮ್ಮನೆ ಕಾದ ಗಾರೆ ಕೆಲಸದವನಿಗೆ ಒಂದು ಸಾಲೂ ಇಲ್ಲ. ಹೋದ ಸಂಚಿಕೆಯ ನಮ್ಮ ಲೇಖನದಲ್ಲೂ ಇರಲಿಲ್ಲ.