ಮಾದರಿ ಇದ್ದರೆ ನಕ್ಷೆ ಬೇಕೆ?

ಪ್ರಶ್ನೆ: ನಾನು ವಾಸ್ತುಶಿಲ್ಪ ವಿದ್ಯಾರ್ಥಿನಿ. ಕಮಾನು ಛಾವಣಿಯ ಆಕಾರ ನನಗೆ ದಾರ, ರಟ್ಟಿನ ಮಾದರಿಯಲ್ಲಿ ಸಲೀಸಾಗಿ ಮೂಡುತ್ತದೆ, ಕಾಗದದ ಮೇಲೆ ಮೂಡುವುದಿಲ್ಲ. ಹಾಗಿರುವಾಗ ನಕ್ಷೆ ಬರೆಯುವ ಅಗತ್ಯವೇನು?

ಉತ್ತರ: ಸ್ಪೇನಿನ ಬಾರ್ಸಿಲೋನಾ ಸಮೀಪದ ಕೊಲೋನಿಯಾ ಗುಯೆಲ್ ಚರ್ಚಿಗಾಗಿ ವಾಸ್ತುಶಿಲ್ಪಿ ಆಂಟೋನಿ ಗೌಡಿ ಅವರು ದಾರಗಳನ್ನು ಇಳಿಬಿಟ್ಟು, ಅವುಗಳಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿ, 1:10 ಪ್ರಮಾಣದ ಮಾದರಿಯೊಂದನ್ನು ವರ್ಷಗಟ್ಟಲೆ ತಿದ್ದಿದರು. ತೂಗುವ ದಾರದಲ್ಲಿ ಎಳೆತ ಮಾತ್ರವಿರುವುದರಿಂದ, ಅದೇ ವಕ್ರರೇಖೆಯನ್ನು ತಲೆಕೆಳಗು ಮಾಡಿದಾಗ ಇಟ್ಟಿಗೆ, ಕಲ್ಲುಗಳು ಚೆನ್ನಾಗಿ ತಾಳಿಕೊಳ್ಳುವ ಒತ್ತಡ ಮಾತ್ರ ಉಳಿಯುತ್ತದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಮಾದರಿಯ ಛಾಯಾಚಿತ್ರಗಳನ್ನು ತಲೆಕೆಳಗಾಗಿಟ್ಟು, ಅವುಗಳ ಮೇಲೆಯೇ ಬಣ್ಣದಿಂದ ಕಟ್ಟಡದ ರೂಪವನ್ನು ಚಿತ್ರಿಸಿದರು. ಭಾರ ಇಳಿಯುವ ಹಾದಿಯನ್ನು ಮಾದರಿ ತೋರಿಸುತ್ತದೆ. ಗೋಡೆಯ ದಪ್ಪ, ಬೆಳಕಿನ ಕಿಂಡಿಗಳು ತೀರ್ಮಾನವಾಗುವುದು ನಕ್ಷೆಯಲ್ಲಿ. ನೀವೂ ಮಾದರಿಯ ಫೋಟೋ ಮೇಲೆ ಟ್ರೇಸಿಂಗ್ ಹಾಳೆಯಿಟ್ಟು ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ಬರೆಯಿರಿ. ತೂಕ ಬದಲಿಸಿದಾಗಲೆಲ್ಲ ಹೊಸ ಹಾಳೆ ಹಾಕಿರಿ.