ಕಲ್ಲಿನ ಮೇಲೆ ಏನು ಬರೆಸಬೇಕು?

ಓದುಗರ ಪತ್ರ: ಹೆಬ್ಬಾಳದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಅರುಣ್ ಖೇತರ್‌ಪಾಲ್ ನೆನಪಿಗೆ ಕರಿ ಗ್ರಾನೈಟ್ ಕಲ್ಲು ನಿಲ್ಲಿಸುತ್ತಿದ್ದೇವೆ. ‘ಅಮರ ವೀರ, ಧೀರ, ಹುತಾತ್ಮ ಕ್ಯಾಪ್ಟನ್ ಅರುಣ್ ಖೇತರ್‌ಪಾಲ್, ಪರಮವೀರಚಕ್ರ’ ಎಂದು ಬಂಗಾರದ ಬಣ್ಣದಲ್ಲಿ ಬರೆಸಬಹುದೇ?

ಸಂಪಾದಕರ ಉತ್ತರ: ಮೊದಲು ‘ಕ್ಯಾಪ್ಟನ್’ ತೆಗೆಸಿ. ಅವರು ಸೆಕೆಂಡ್ ಲೆಫ್ಟಿನೆಂಟ್. 1971ರ ಜೂನ್‌ನಲ್ಲಿ ಅಧಿಕಾರಿಯಾಗಿ, ಡಿಸೆಂಬರ್ 16ಕ್ಕೆ ಮಡಿದ 21ರ ಹುಡುಗ, ಬಡ್ತಿಗೆ ಸಮಯವೆಲ್ಲಿತ್ತು? ಅಭಿಮಾನಕ್ಕೆ ಹುದ್ದೆ ಏರಿಸಿದರೆ ಆ ಆರು ತಿಂಗಳ ಲೆಕ್ಕವೇ ಅಳಿಸಿಹೋಗುತ್ತದೆ. ಪದಕ ಹೆಸರಿನ ನಂತರ ಬರಲಿ, ಜೊತೆಗೆ ‘ಮರಣೋತ್ತರ’ ಇರಲಿ. ಪರಮವೀರ, ಮಹಾವೀರ, ವೀರ ಚಕ್ರಗಳು ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಅಶೋಕ, ಕೀರ್ತಿ, ಶೌರ್ಯ ಚಕ್ರಗಳದು ಬೇರೆ ಸಾಲು, ಶತ್ರುವಿನ ಎದುರಲ್ಲದ ಕಡೆ ತೋರಿದ ಶೌರ್ಯಕ್ಕೆ. ನಮ್ಮೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರದು ಅಶೋಕ ಚಕ್ರ. ಫ್ಲೆಕ್ಸ್ ಬರೆಸುವವರು ಇವನ್ನು ಕಲಸಿಬಿಡುತ್ತಾರೆ.

‘ಹುತಾತ್ಮ’ ಸೇನೆಯ ಅಧಿಕೃತ ಪದವಲ್ಲ. ‘ಅಮರ’, ‘ಧೀರ’ ಯಾವ ಯೋಧನಿಗೂ ಹೊಂದುತ್ತವೆ, ಅದೇ ತೊಂದರೆ. ನಿಮ್ಮ ಹೆಬ್ಬಾಳದಲ್ಲೇ ಸಿಕ್ಕ ಕಿತ್ತಯ್ಯನ ವೀರಗಲ್ಲು ನೋಡಿ. ಸುಮಾರು ಕ್ರಿ.ಶ. 750ರದ್ದು. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದಾಗ, ರಟ್ಟವಾಡಿಯ (ರಾಷ್ಟ್ರಕೂಟರ) ಪಡೆ ಊರ ಮೇಲೆ ಬಂದಾಗ ಕಾದಿ ಸತ್ತ ಎನ್ನುತ್ತದೆ. ಹನ್ನೆರಡೂವರೆ ಶತಮಾನದ ಮೇಲೂ ನಮಗೆ ಗೊತ್ತಾಗಿದ್ದು ಅಷ್ಟು ಬರೆಸಿದ್ದರಿಂದ. ನಿಮ್ಮದೂ ಹೀಗಿರಲಿ:

ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್
ಪರಮವೀರಚಕ್ರ (ಮರಣೋತ್ತರ)
17 ಪೂನಾ ಹಾರ್ಸ್
14 ಅಕ್ಟೋಬರ್ 1950 – 16 ಡಿಸೆಂಬರ್ 1971
ಬಸಂತರ್ ಕಾಳಗದಲ್ಲಿ, ಬೆಂಕಿ ಹತ್ತಿದ ಟ್ಯಾಂಕ್ ಬಿಟ್ಟು ಇಳಿಯಲು ಒಪ್ಪದೆ ಹೋರಾಡಿ ಮಡಿದರು

ಇನ್ನು ಕೆತ್ತನೆ. ಕನ್ನಡ ಕೆಡುವುದು ಒತ್ತಕ್ಷರದಲ್ಲಿ. ಅಕ್ಷರ ಒಂದಿಂಚಿಗಿಂತ ಚಿಕ್ಕದಾದರೆ ‘ಲೆಫ್ಟಿನೆಂಟ್’ನ ಟ-ಒತ್ತು, ‘ಮರಣೋತ್ತರ’ದ ತ-ಒತ್ತು ಮರಳು ಹೊಡೆದು ಕೊರೆಯುವಾಗ ಮುದ್ದೆಯಾಗುತ್ತವೆ. ಸಾಲುಗಳ ನಡುವೆ ಇಂಗ್ಲಿಷ್‌ಗೆ ಬಿಡುವಷ್ಟೇ ಜಾಗ ಬಿಟ್ಟರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ವಾಟ್ಸಾಪ್‌ನಲ್ಲಿ ಅಕ್ಷರ ಟೈಪಿಸಿ ಕಳಿಸಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟ್ ಬದಲಾದರೆ ಒತ್ತು ಪಕ್ಕಕ್ಕೆ ಜಾರಿ ಕೂರುತ್ತದೆ. ಪಿಡಿಎಫ್ ಕೊಡಿ.

ಬಂಗಾರದ ಬಣ್ಣ ಬೇಡ. ಕೆತ್ತನೆ ಮೇಲುಮೇಲಿನದಾದರೆ ಬಿಸಿಲು, ಮಳೆಗೆ ಅದು ಹಕ್ಕಳೆಯೇಳುತ್ತದೆ, ಅರ್ಧ ಉದುರಿದ ಹೆಸರು ನೋಡಲಾಗದು. ಪಾಲಿಶ್ ಮಾಡಿದ ಕರಿ ಕಲ್ಲಿನಲ್ಲಿ ಕೊರೆದ ಜಾಗ ತಾನೇ ಬೂದಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತದೆ. ಪಾರ್ಕಿಗೆ ಪಾಲಿಕೆಯ ಲಿಖಿತ ಅನುಮತಿ ಬೇಕು, ಅದು ಮೊದಲು.

ಕೊರೆಯುವ ಮುನ್ನ ಪೂರ್ತಿ ಅಳತೆಯ ಪ್ರಿಂಟ್ ತೆಗೆದು ಕಲ್ಲಿಗೇ ಅಂಟಿಸಿ, ಕನ್ನಡ ಮೇಷ್ಟ್ರೊಬ್ಬರಿಂದ ಓದಿಸಿ. ಆಮೇಲೆ ತಪ್ಪು ಕಂಡರೆ ಇಡೀ ಮುಖ ಉಜ್ಜಿ ಮತ್ತೆ ಪಾಲಿಶ್ ಹಾಕಿಸಬೇಕಾಗುತ್ತದೆ.