ಚಿನ್ನದ ಬಣ್ಣದ ಲೈಕಾ: ಬೆಲೆ ಕೇಳುವ ಮುಂಚೆ ಲೆನ್ಸ್ ಬಿಚ್ಚಿ ನೋಡಿ

ಸಕಲೇಶಪುರದ ಮೇಡಂ, ನಿಮ್ಮ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ರಷ್ಯಾಕ್ಕೆ ವೈದ್ಯಕೀಯ ಓದಲು ಹೋದಾಗ ತಂದ, ‘ಬರ್ಲಿನ್ ಒಲಿಂಪಿಕ್ಸ್ 1936’ ಎಂದು ಕೆತ್ತಿರುವ ಚಿನ್ನದ ಬಣ್ಣದ ಲೈಕಾ ಎಂಬ ಜರ್ಮನ್ ಕ್ಯಾಮೆರಾಕ್ಕೆ ನಾಲ್ಕು ಲಕ್ಷ ಬರುತ್ತದೆಯೇ, ಮಾರುವ ಮುಂಚೆ ಪಾಲಿಶ್ ಮಾಡಿಸಬೇಕೇ ಎಂದು ಕೇಳಿದ್ದೀರಿ. ನನಗಿಂತ ಮೊದಲು ಇಲ್ಲಿ ಉತ್ತರಿಸಿದ ಇಬ್ಬರು ‘ಅಪರೂಪದ ಮಾಲು, ಬಿಡಬೇಡಿ’ ಎಂದು ಆಸೆ ಹುಟ್ಟಿಸಿದ್ದಾರೆ. ನನಗಂತೂ ಫೋಟೊ ನೋಡಿದ ಕೂಡಲೇ ಅನುಮಾನ ಬಂದಿತು.

ಲೆನ್ಸನ್ನು ಎಡಕ್ಕೆ ತಿರುಗಿಸಿ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಿ. ಮೇಲ್ಭಾಗದಲ್ಲಿ ಲೆನ್ಸಿನ ಹಿಂಬದಿಗೆ ತಾಗುವ ಪುಟ್ಟ ಲೋಹದ ತೋಳಿದೆ. ದೂರ ಅಳೆದು ಫೋಕಸ್ ಕೂಡಿಸುವ ರೇಂಜ್‌ಫೈಂಡರ್ ಕೆಲಸ ಮಾಡುವುದು ಅದರಿಂದಲೇ. ಅಸಲಿ ಲೈಕಾದಲ್ಲಿ ಆ ತೋಳಿನ ತುದಿಗೆ ಗುಂಡನೆಯ ಚಕ್ರವಿರುತ್ತದೆ. ಚಕ್ರದ ಬದಲು ಬೆಣೆಯಂಥ ಮೊನಚು ತುಂಡಿದ್ದರೆ ಅದು 1934ರಿಂದ ಖಾರ್ಕಿವ್‌ನಲ್ಲಿ ತಯಾರಾದ ಫೆಡ್, ಇಲ್ಲವೇ 1948ರಿಂದ ಬಂದ ಝೋರ್ಕಿ. ಎರಡೂ ಲೈಕಾದ ಸೋವಿಯತ್ ನಕಲುಗಳೇ. ಇವುಗಳ ಹೆಸರು ಉಜ್ಜಿ, ಚಿನ್ನದ ಬಣ್ಣ ಬಳಿದು, ಒಲಿಂಪಿಕ್ಸ್ ಎಂದೋ ಜರ್ಮನ್ ವಾಯುಪಡೆಯದೆಂದೋ ಕೆತ್ತಿ ಪ್ರವಾಸಿಗರಿಗೆ ಮಾರುವ ದಂಧೆ ತೊಂಬತ್ತರ ದಶಕದಲ್ಲಿ ಜೋರಾಗಿತ್ತು. ಅಸಲಿ ಚಿನ್ನದ ‘ಲೈಕಾ ಲಕ್ಸಸ್’ 1930ರ ಆಸುಪಾಸಿನದು, ತಯಾರಾದದ್ದು ನೂರರೊಳಗೆ. ಅದಕ್ಕೆ ಒಳಗಿನ ರೇಂಜ್‌ಫೈಂಡರ್ ಇರಲೇ ಇಲ್ಲ, ಹಾಗಾಗಿ ಆ ತೋಳೂ ಇರುವುದಿಲ್ಲ.

ಮೊನಚು ಕಂಡರೆ ಬೆಲೆ ಸಾವಿರಗಳ ಲೆಕ್ಕಕ್ಕೆ ಇಳಿಯುತ್ತದೆ. ಚಿಕ್ಕಪ್ಪನವರ ಮನಸ್ಸು ನೋಯಿಸಬೇಡಿ, ಬಹಳ ಜನ ಹೀಗೆ ಕೊಂಡಿದ್ದಾರೆ.

ಇನ್ನು ‘ಸೀಮಿತ ಆವೃತ್ತಿ ಎಂದರೆ ಬೆಲೆ ಏರುತ್ತಲೇ ಇರುತ್ತದೆ’ ಎಂಬ ಮಾತು ಪೂರ್ತಿ ನಿಜವಲ್ಲ. ಲೈಕಾವನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಜನ್ಮಶತಮಾನೋತ್ಸವಕ್ಕೆ 1979ರಲ್ಲಿ ಬಂದ ಚಿನ್ನದ ‘ಎಂ4-2’ ಮಾದರಿಯ ಲೈಕಾ ಒಂದು ಸಾವಿರ, 1989ರ ಪ್ಲಾಟಿನಂ ‘ಎಂ6’ ಮಾದರಿ 1,250 ತಯಾರಾದವು. ಕೊಂಡವರಲ್ಲಿ ಹೆಚ್ಚಿನವರು ಬಳಸದೆ ಬೀರುವಿನಲ್ಲೇ ಇಟ್ಟಿದ್ದರಿಂದ ಹೊಸದರಂತಿರುವ ಸೆಟ್‌ಗಳು ಇಂದಿಗೂ ಮಾರುಕಟ್ಟೆಗೆ ಬರುತ್ತಿವೆ. ಪೆಟ್ಟಿಗೆ, ಪ್ರಮಾಣಪತ್ರ ಕಳೆದುಹೋಗಿ ಒಂದು ಗೀರು ಬಿದ್ದರೆ ಸಂಗ್ರಾಹಕ ಮುಖ ತಿರುಗಿಸುತ್ತಾನೆ. ಇದಕ್ಕೆ ಬದಲಾಗಿ 2022ರಲ್ಲಿ 1.44 ಕೋಟಿ ಯೂರೋಗೆ ಹರಾಜಾದ 105ನೇ ಸಂಖ್ಯೆಯ ಲೈಕಾವನ್ನು ನೋಡಿ. ಅದನ್ನು ಯಾರೂ ಸಂಗ್ರಹಕ್ಕೆಂದು ಮಾಡಿರಲಿಲ್ಲ. ಪರೀಕ್ಷೆಗೆ ತಯಾರಿಸಿದ ಕೆಲವೇ ಕ್ಯಾಮೆರಾಗಳಲ್ಲಿ ಒಂದು, ಬಾರ್ನಾಕ್ ಸ್ವತಃ ಬಳಸಿದ್ದು. ಅದರ ಮೇಲೂ ಕೆತ್ತನೆಯಿದೆ, ಬಾರ್ನಾಕ್ ಹೆಸರಿನದು, ಆದರೆ ಆ ಹೆಸರಿನ ಬೆನ್ನಿಗೆ ಇತಿಹಾಸವಿದೆ.

ಪಾಲಿಶ್ ಖಂಡಿತ ಬೇಡ. ಅಸಲಿಯಾಗಿದ್ದರೆ ಅರ್ಧ ಬೆಲೆ ಅಲ್ಲೇ ಹೋಗುತ್ತದೆ, ನಕಲಿಯಾಗಿದ್ದರೆ ಖರ್ಚು ದಂಡ. ನಮ್ಮ ಮಲೆನಾಡಿನಲ್ಲಿ ಚಿಂತಿಸಬೇಕಾದದ್ದು ಬೂಷ್ಟು. ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಅಂಚಿನಿಂದ ಒಳಕ್ಕೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದೇ. ಮೊದಲು ಚರ್ಮದ ಚೀಲದಿಂದ ಕ್ಯಾಮೆರಾ ಹೊರತೆಗೆಯಿರಿ. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಕೂರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಚೀಲವನ್ನು ಬೇರೆ ಕಡೆ ಇಡಿ. ಚಿಕ್ಕಮಗಳೂರಿನ ನನ್ನ ಮನೆಯಲ್ಲಿ ಜೂನ್ ಬಂತೆಂದರೆ ಅಡುಗೆಮನೆಯ ಉಪ್ಪಿನಕಾಯಿ ಡಬ್ಬಿಗಳಿಗಿಂತ ನನ್ನ ಡಬ್ಬಿಗಳೇ ಹೆಚ್ಚು ಎಂದು ಬೈಗುಳ.

ಲೆನ್ಸ್ ಬಿಚ್ಚಿದ ಬಾಯಿಯ ಒಂದು ಫೋಟೊ, ಮೇಲಿನ ಕ್ರಮಸಂಖ್ಯೆ ಓದುವಂತೆ ಇನ್ನೊಂದು ಇಲ್ಲಿ ಹಾಕಿ. ಫೆಡ್ ಎಂದಾದರೆ ಮಾರುವ ಬದಲು ರೀಲು ಹಾಕಿ ಬಳಸಿ ನೋಡಿ. ಒಂದೇ ಎಚ್ಚರಿಕೆ: ರೀಲು ಮುಂದಕ್ಕೆ ತಿರುಗಿಸಿ ಶಟರ್ ಸಜ್ಜಾದ ನಂತರವೇ ಶಟರ್ ವೇಗ ಬದಲಾಯಿಸಿ, ಅದಕ್ಕೂ ಮೊದಲೇ ಬದಲಾಯಿಸಿದರೆ ಒಳಗಿನ ಯಂತ್ರ ಕೆಡಬಹುದು.